ಬೋರ್ ನೀರಿನ ಬೆಂಗಳೂರಲ್ಲಿ ಬಟ್ಟೆ ಬಾಳಿಕೆ ಬರಬೇಕಾದರೆ ಏನು ಮಾಡಬೇಕು?

ಮಳೆಬಿಲ್ಲು:
ಎಲ್ಲರಿಗೂ ನಮಸ್ಕಾರ. ನಾವು ಪದ್ಮನಾಭನಗರದಿಂದ ವರ್ತೂರಿನ ಹತ್ತಿರ ಒಂದು ಅಪಾರ್ಟ್‌ಮೆಂಟಿಗೆ ಬಂದಿದ್ದೇವೆ. ಅಲ್ಲಿ ಕಾವೇರಿ ನೀರಿತ್ತು. ಇಲ್ಲಿ ಬೋರ್‌ವೆಲ್, ಸಾಲದಿದ್ದರೆ ಟ್ಯಾಂಕರ್. ಮಷೀನು ಅದೇ, ಪೌಡರ್ ಅದೇ. ಬಟ್ಟೆ ಮಾತ್ರ ದಿನೇ ದಿನೇ ಹಾಳಾಗುತ್ತಿದೆ. ಟವೆಲ್ ಒಣಗಿದ ಮೇಲೆ ಮೈಗೆ ಉಜ್ಜಿದರೆ ಚುಚ್ಚುತ್ತದೆ. ಯಜಮಾನರ ಬಿಳಿ ಶರ್ಟುಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿವೆ. ಕಪ್ಪು ಟಾಪ್‌ಗಳ ಮೇಲೆ ಬಿಳಿ ಬಿಳಿ ಗೆರೆ. ಅಂಗಡಿಯವರು ಹೇಳಿದ ಹಾಗೆ ಪೌಡರ್ ಬದಲಿಸಿದೆವು, ಏನೂ ಪ್ರಯೋಜನ ಇಲ್ಲ.

ಇನ್ನೊಂದು ವಿಷಯ. ಅಮ್ಮ ತಮ್ಮ ರೇಷ್ಮೆ ಸೀರೆಗಳನ್ನು ನನಗೆ ಕೊಟ್ಟಿದ್ದಾರೆ. ಒಂದೆರಡರ ಜರಿ ಕಪ್ಪಾಗುತ್ತಿದೆ. ಅವನ್ನು ಉಳಿಸಿಕೊಳ್ಳಬೇಕು. ದುಡ್ಡು ಕೊಟ್ಟು ತಂದ ಬಟ್ಟೆ ವರ್ಷಾನುಗಟ್ಟಲೆ ಬರಬೇಕು ಅನ್ನುವವರು ಇಲ್ಲಿ ಬಹಳ ಜನ ಇದ್ದೀರಿ. ನೀವು ಏನು ಮಾಡುತ್ತೀರಿ, ಹೇಳಿ.

ಕೆಮಿಸ್ಟ್ರಿ ಮೇಷ್ಟ್ರು:
ಪೌಡರ್ ಬದಲಿಸುವ ಮೊದಲು ನೀರು ನೋಡಿ ಮೇಡಂ. ನೀವು ಹೇಳಿದ ಮೂರೂ ಲಕ್ಷಣ ಗಡಸು ನೀರಿನದೇ.

ಬೋರ್ ನೀರು ಕಲ್ಲಿನ ಸಂದುಗಳಲ್ಲಿ ನಿಂತು ಬರುವಾಗ ಕ್ಯಾಲ್ಸಿಯಂ, ಮೆಗ್ನೀಷಿಯಂ ಕರಗಿಸಿಕೊಂಡು ಬರುತ್ತದೆ. ಸೋಪು ಇವೆರಡರ ಜೊತೆ ಸೇರಿದರೆ ಕರಗದ ಜಿಡ್ಡಾಗುತ್ತದೆ. ಬಕೆಟ್ ಅಂಚಿಗೆ ಬೂದು ಬಣ್ಣದ ಪಟ್ಟಿ ಅಂಟಿಕೊಳ್ಳುತ್ತದಲ್ಲ, ಅದೇ ಇದು. ಅದೇ ಜಿಡ್ಡು ನೂಲಿನ ಒಳಗೂ ಕೂರುತ್ತದೆ, ಕೊಳೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಬಟ್ಟೆ ಮಂಕಾಗುವುದು, ಬಿರುಸಾಗುವುದು ಹೀಗೆ. ಬಿರುಸಾದ ನೂಲು ಮಡಿಸಿದ ಕಡೆ, ಉಜ್ಜಿದ ಕಡೆ ಬೇಗ ಸವೆಯುತ್ತದೆ. ಡಿಟರ್ಜೆಂಟ್‌ಗಳು ಸೋಪಿನಷ್ಟು ಒದ್ದಾಡುವುದಿಲ್ಲ. ಆದರೆ ಅವುಗಳ ಶಕ್ತಿಯಲ್ಲೂ ಒಂದು ಪಾಲು ಈ ಕ್ಯಾಲ್ಸಿಯಂ ಜೊತೆ ಗುದ್ದಾಡುವುದಕ್ಕೇ ಖರ್ಚಾಗುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಎರಡು ಖಾಲಿ ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಆರ್‌ಒ ನೀರು, ಎರಡರಲ್ಲೂ ಅರ್ಧ ಬಾಟಲಿ. ಮೈಗೆ ಹಚ್ಚುವ ಸೋಪನ್ನು ಚಾಕುವಿನಲ್ಲಿ ಹೆರೆದು ಎರಡಕ್ಕೂ ಒಂದೊಂದು ಚಿಟಿಕೆ ಹಾಕಿ, ಮುಚ್ಚಳ ಹಾಕಿ ಕುಲುಕಿ. ಆರ್‌ಒ ನೀರಿನಲ್ಲಿ ನೊರೆ ಏರಿ ನಿಲ್ಲುತ್ತದೆ. ಗಡಸು ನೀರಿನಲ್ಲಿ ನೊರೆ ಕಡಿಮೆ, ಹಾಲು ಒಡೆದ ಹಾಗೆ ಬಿಳಿ ಚೂರುಗಳು ತೇಲುತ್ತವೆ. ಇದಕ್ಕೆ ಡಿಟರ್ಜೆಂಟ್ ಬಳಸಬೇಡಿ, ವ್ಯತ್ಯಾಸ ಗೊತ್ತಾಗುವುದಿಲ್ಲ.

ಅಂಕಿ ಬೇಕಾದರೆ ಅಸೋಸಿಯೇಷನ್‌ನವರ ಹತ್ತಿರ ನೀರಿನ ರಿಪೋರ್ಟ್ ಕೇಳಿ. ಅದರಲ್ಲಿ ಒಟ್ಟು ಗಡಸುತನ ಅಂತ ಒಂದು ಸಾಲು ಇರುತ್ತದೆ. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಹೇಳುವ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಸಿಗದಿದ್ದರೆ 600ರವರೆಗೆ ಒಪ್ಪುತ್ತಾರೆ. ನಿಮ್ಮದು ಎಲ್ಲಿದೆ ನೋಡಿ, ಆಮೇಲೆ ಮಾತಾಡೋಣ.

ಟೆಕ್ಕಿ ತುಮಕೂರು:
ನಮ್ಮ ಅಪಾರ್ಟ್‌ಮೆಂಟಲ್ಲಿ ಗಡಸು ನೀರನ್ನು ಮೃದು ಮಾಡುವ ಸಾಫ್ಟ್‌ನರ್ ಇದೆ ಅಂತ ಬ್ರೋಷರಲ್ಲಿ ಬರೆದಿತ್ತು. ಆದರೂ ಗೀಸರ್ ತುಂಬ ಸುಣ್ಣ ಕಟ್ಟುತ್ತಿತ್ತು. ಕೆಳಗೆ ಹೋಗಿ ನೋಡಿದರೆ ಉಪ್ಪಿನ ತೊಟ್ಟಿ ಖಾಲಿ. ಸಾಫ್ಟ್‌ನರ್‌ ಒಳಗಿನ ರೆಸಿನ್ ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ. ಅದು ತುಂಬಿದ ಮೇಲೆ ಉಪ್ಪು ನೀರಲ್ಲಿ ತೊಳೆಯಲೇಬೇಕು. ಉಪ್ಪು ಹಾಕದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ನಿಮ್ಮಲ್ಲೂ ಕೇಳಿ ನೋಡಿ ಮೇಡಂ. ಮೇಂಟೆನೆನ್ಸ್ ಕೊಡುತ್ತೀರಲ್ವಾ, ಕೇಳುವ ಹಕ್ಕಿದೆ.

ಜಯನಗರ ನಾಲ್ಕನೇ ಬ್ಲಾಕ್:
ಕಾವೇರಿ 5ನೇ ಹಂತ 2024ರ ಅಕ್ಟೋಬರಿನಲ್ಲಿ ಶುರುವಾಯಿತು. ಹೊರವಲಯದ 110 ಹಳ್ಳಿಗಳಿಗೆ ಅಂತಲೇ ಮಾಡಿದ ಯೋಜನೆ. ನಿಮ್ಮ ಅಸೋಸಿಯೇಷನ್ ಜಲಮಂಡಳಿಗೆ ಅರ್ಜಿ ಹಾಕಿದೆಯಾ ಅಂತ ಮೊದಲು ವಿಚಾರಿಸಿ.

ಇನ್ನೊಂದು, ಮಳೆ ನೀರು. ನಾವು ಮಳೆಗಾಲದಲ್ಲಿ ಬಟ್ಟೆಗೆ ಅದನ್ನೇ ಬಳಸುತ್ತೇವೆ. ಅದರಷ್ಟು ಮೃದು ನೀರು ಬೇರೆ ಇಲ್ಲ. ಪೌಡರ್ ಅರ್ಧ ಸಾಕು, ಜಾಲಾಡಿಸುವುದೂ ಸುಲಭ. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು ಮಳೆ ನೀರು ಕೊಯ್ಲು ಕಡ್ಡಾಯ ಮಾಡಿದ್ದಾರೆ. ಆದರೆ ಎಷ್ಟೋ ಮನೆಗಳಲ್ಲಿ ಪೈಪನ್ನು ಇಂಗುಗುಂಡಿಗೆ ಬಿಟ್ಟು ಸುಮ್ಮನಾಗುತ್ತಾರೆ. ಫಿಲ್ಟರ್ ಇಟ್ಟು ಒಂದು ಡ್ರಮ್ಮಿಗಾದರೂ ತಿರುಗಿಸಿಕೊಳ್ಳಿ. ಮೊದಲ ಮಳೆಯ ನೀರು ಮಾತ್ರ ಬಿಟ್ಟುಬಿಡಿ, ತಾರಸಿ ಧೂಳೆಲ್ಲ ಅದರಲ್ಲೇ ಬರುತ್ತದೆ. ಜಯನಗರ 5ನೇ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಮಳೆ ನೀರು ಕೊಯ್ಲು ಕೇಂದ್ರ ಇದೆ. ಹೇಗೆ ಜೋಡಿಸಬೇಕು ಅಂತ ಅಲ್ಲಿ ಕಣ್ಣಾರೆ ನೋಡಬಹುದು.

ಮಳೆಬಿಲ್ಲು:
ರಿಪೋರ್ಟ್ ಸಿಕ್ಕಿತು. 520 ಅಂತಿದೆ. ಮೇಷ್ಟ್ರೇ, ಈಗ ಏನು ಮಾಡಲಿ?

ಕೆಮಿಸ್ಟ್ರಿ ಮೇಷ್ಟ್ರು:
ಗಟ್ಟಿ ನೀರೇ. ಎರಡು ಕೆಲಸ ಇದೆ. ಈಗಾಗಲೇ ಕೂತಿರುವುದನ್ನು ತೆಗೆಯುವುದು, ಮುಂದೆ ಕೂರದ ಹಾಗೆ ನೋಡಿಕೊಳ್ಳುವುದು.

ತೆಗೆಯುವುದಕ್ಕೆ ಹುಳಿ ಬೇಕು. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಸಿಗುತ್ತದೆ. ಒಂದು ಬಕೆಟ್ ಬೆಚ್ಚಗಿನ ನೀರಿಗೆ ಎರಡು ಚಮಚ ಹಾಕಿ ಪೂರ್ತಿ ಕರಗಿಸಿ. ಒಗೆದ ಬಿಳಿ ಹತ್ತಿ ಬಟ್ಟೆ, ಟವೆಲ್‌ಗಳನ್ನು ಅದರಲ್ಲಿ ಅರ್ಧ ಗಂಟೆ ನೆನೆಸಿ, ಆಮೇಲೆ ಎರಡು ನೀರು ಜಾಲಾಡಿಸಿ. ಬಿಳಿ ವಿನೆಗರ್ ಆದರೂ ಆಗುತ್ತದೆ. ಇದನ್ನು ಬಕೆಟ್‌ನಲ್ಲೇ ಮಾಡಿ. ಮಷೀನಿಗೆ ಪದೇ ಪದೇ ವಿನೆಗರ್ ಹಾಕಿದರೆ ಅದರ ರಬ್ಬರಿಗೆ ಒಳ್ಳೆಯದಲ್ಲ.

ಒಂದು ಎಚ್ಚರಿಕೆ, ಇದು ಬಹಳ ಮುಖ್ಯ. ಹುಳಿ ಪದಾರ್ಥವನ್ನು ಬ್ಲೀಚ್ ಜೊತೆ ಯಾವತ್ತೂ ಸೇರಿಸಬೇಡಿ. ಕ್ಲೋರಿನ್ ಅನಿಲ ಬರುತ್ತದೆ. ಬಾತ್‌ರೂಮಿನಂಥ ಸಣ್ಣ ಜಾಗದಲ್ಲಿ ಅದು ಶ್ವಾಸಕೋಶಕ್ಕೇ ಹೊಡೆತ ಕೊಡುತ್ತದೆ.

ಮುಂದಕ್ಕೆ ಕೂರದ ಹಾಗೆ ಮಾಡುವುದಕ್ಕೆ ಒಗೆಯುವ ಸೋಡಾ ಇದೆ. ಅಡುಗೆ ಸೋಡಾ ಅಲ್ಲ. ಇದನ್ನು ಬಟ್ಟೆಯ ಮೇಲೆ ಸುರಿಯಬಾರದು. ನೀರಿಗೆ ಮೊದಲೇ ಹಾಕಿ ಕಲಕಿ ಬಿಡಿ. ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ನೀರನ್ನು ಇನ್ನೊಂದು ಬಕೆಟ್‌ಗೆ ಬಗ್ಗಿಸಿಕೊಂಡು ಅದರಲ್ಲಿ ಒಗೆಯಿರಿ. ಬಟ್ಟೆ ಮುಳುಗಿರುವಾಗಲೇ ಸೋಡಾ ಹಾಕಿದರೆ ಆ ಪುಡಿ ಹೋಗಿ ಬಟ್ಟೆಯೊಳಗೇ ಕೂರುತ್ತದೆ. ಹತ್ತಿಗೆ, ಪಾಲಿಯೆಸ್ಟರಿಗೆ ಇದು ಸರಿ. ರೇಷ್ಮೆ, ಉಣ್ಣೆಗೆ ಸೋಡಾ ತಾಗಿಸಲೇಬಾರದು. ಅವೆರಡೂ ಪ್ರೋಟೀನು. ಕ್ಷಾರ ಅವನ್ನು ತಿನ್ನುತ್ತದೆ.

ಇಬ್ಬರ ಅಮ್ಮ:
ಮೇಷ್ಟ್ರೇ, ಒಂದು ಕಂಡೀಷನರ್ ಮುಚ್ಚಳ ಹಾಕಿದರೆ ಮೆತ್ತಗಾಗುತ್ತದಲ್ವಾ? ಟಿವಿಯಲ್ಲಿ ತೋರಿಸುತ್ತಾರಲ್ಲ.

ಕೆಮಿಸ್ಟ್ರಿ ಮೇಷ್ಟ್ರು:
ಮುಟ್ಟಿದರೆ ಮೆತ್ತಗಿರುತ್ತದೆ ತಾಯಿ, ಏಕೆಂದರೆ ನೂಲಿನ ಮೇಲೆ ಒಂದು ಪದರ ಕೂರುತ್ತದೆ. ಟವೆಲ್‌ಗೆ ಆ ಪದರ ಕೂತರೆ ನೀರು ಹೀರುವುದಿಲ್ಲ. ಆಟದ ಟೀ ಶರ್ಟಿಗೂ ಬೇಡ, ಬೆವರು ಆಚೆ ಹೋಗುವುದಿಲ್ಲ, ವಾಸನೆ ಒಳಗೇ ನಿಲ್ಲುತ್ತದೆ. ಸೀರೆ, ದುಪಟ್ಟಾಗೆ ಅಪರೂಪಕ್ಕೆ ಹಾಕಿ, ತೊಂದರೆಯಿಲ್ಲ.

ಇಬ್ಬರ ಅಮ್ಮ:
ಹಾಗಾದರೆ ನನ್ನ ದೊಡ್ಡ ತಲೆನೋವಿಗೂ ಒಂದು ದಾರಿ ಹೇಳಿ. ಮಕ್ಕಳಿಗೆ ಶನಿವಾರ ಬಿಳಿ ಯೂನಿಫಾರ್ಮು. ಊಟದ ಡಬ್ಬಿಯಲ್ಲಿ ಏನು ಕೊಟ್ಟರೂ ಎದೆ ಮೇಲೆ ಅರಿಶಿನದ ಕಲೆ ತಂದೇ ತರುತ್ತಾರೆ. ಸೋಪು ಹಚ್ಚಿದ ತಕ್ಷಣ ಕೆಂಪಗಾಗುತ್ತದೆ. ಗಾಬರಿಯಾಗಿ ಬ್ರಷ್ ಹಾಕಿ ತಿಕ್ಕುತ್ತೇನೆ. ಬಟ್ಟೆಯ ಆ ಜಾಗ ಜಾಳು ಜಾಳಾಗಿದೆ.

ಘಟ್ಟದ ಮೇಲಿನವಳು:
ತಿಕ್ಕಬೇಡಿ ಅಕ್ಕಾ! ಬಿಸಿಲಿಗೆ ಬಿಡಿ, ಅಷ್ಟೇ. ಆರತಿ ನೀರಿಗೆ ಅರಿಶಿನ, ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಅದೇ ಆಟ ಇಲ್ಲೂ ನಡೆಯುವುದು. ಸೋಪಿನಲ್ಲಿ ಕ್ಷಾರ ಇದೆ, ಅದಕ್ಕೇ ಕೆಂಪು. ಕಲೆ ಜಾಸ್ತಿಯಾಗಿಲ್ಲ, ಬಣ್ಣ ಬದಲಾಗಿದೆ ಅಷ್ಟೆ. ನೀರಲ್ಲಿ ಚೆನ್ನಾಗಿ ಜಾಲಾಡಿಸಿದರೆ ಮತ್ತೆ ಹಳದಿಗೆ ಬರುತ್ತದೆ.

ನಾನು ಮಾಡುವುದು ಹೀಗೆ. ಮೊದಲು ಎಣ್ಣೆ ಜಿಡ್ಡು ಹೋಗಬೇಕು, ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ. ಬೆರಳ ತುದಿಯಲ್ಲಿ ಮೆಲ್ಲಗೆ ಉಜ್ಜಿ ತೊಳೆಯುತ್ತೇನೆ. ಉಳಿದ ಹಳದಿ ಗುರುತು ಒದ್ದೆಯಾಗಿರುವಾಗಲೇ ಅದನ್ನು ಸೂರ್ಯನಿಗೆ ಎದುರಾಗಿ ಹರಡುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಅಂಚಿನಿಂದ ಮಾಸುತ್ತಾ ಬರುತ್ತದೆ. ಸಂಜೆಗೆ ನಡುವೆ ಒಂದು ಚುಕ್ಕೆ ಉಳಿದಿದ್ದರೆ ಮಾರನೆ ದಿನ ಮತ್ತೆ ಒದ್ದೆ ಮಾಡಿ ಹರಡಿ. ಅರಿಶಿನದ ಬಣ್ಣಕ್ಕೆ ಬೆಳಕು ಆಗಿಬರುವುದಿಲ್ಲ. ಇದು ಬಿಳಿ ಬಟ್ಟೆಗೆ ಮಾತ್ರ. ಬಣ್ಣದ ಬಟ್ಟೆಗೆ ಹೀಗೆ ಮಾಡಿದರೆ ಬಟ್ಟೆಯ ಬಣ್ಣವೂ ಹೋಗುತ್ತದೆ.

ಬಾಳೆಯ ಕರೆಗೆ ಮಾತ್ರ ನಮ್ಮೂರಲ್ಲೂ ಮದ್ದಿಲ್ಲ. ಬಾಳೆ ದಿಂಡು, ಬಾಳೆಕಾಯಿ ಹೆಚ್ಚುವಾಗ ಹಳೆ ಬಟ್ಟೆ ಉಟ್ಟುಕೊಳ್ಳುವುದೊಂದೇ ದಾರಿ.

ಸೂಜಿದಾರ:
ಮೂವತ್ತು ವರ್ಷದ ಮೇಲಾಯಿತು, ಹನುಮಂತನಗರದಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿದ್ದೇನೆ. ರಿಪೇರಿಗೆ ಬರುವ ಶರ್ಟುಗಳನ್ನು ನೋಡಿದರೆ ಮನೆಯಲ್ಲಿ ಹೇಗೆ ಒಗೆಯುತ್ತಾರೆ ಅಂತ ಗೊತ್ತಾಗಿಬಿಡುತ್ತದೆ. ಬಟ್ಟೆ ಗಟ್ಟಿ ಇರುತ್ತದೆ, ಕಾಲರ್ ಮಾತ್ರ ಹರಿದಿರುತ್ತದೆ. ಕತ್ತಿನ ಕೊಳೆ ಹೋಗಲಿ ಅಂತ ಪ್ಲಾಸ್ಟಿಕ್ ಬ್ರಷ್ಷಲ್ಲಿ ತಿಕ್ಕಿ ತಿಕ್ಕಿ ಮಡಿಕೆಯ ಅಂಚಲ್ಲಿ ನೂಲು ಕಿತ್ತು ಬಂದಿರುತ್ತದೆ. ಕಾಲರ್‌ಗೆ ಬ್ರಷ್ ಬೇಡ. ರಾತ್ರಿ ಲಿಕ್ವಿಡ್ ಸೋಪು ಹಚ್ಚಿ ಬಿಡಿ. ಬೆಳಿಗ್ಗೆ ಕೈಯಲ್ಲಿ ಕಾಲರಿಗೆ ಕಾಲರ್ ಉಜ್ಜಿದರೆ ಸಾಕು.

ಕಂಕುಳಲ್ಲಿ ಹಳದಿಯಾಗಿ ಗಟ್ಟಿಯಾಗುತ್ತದಲ್ಲ, ಅದು ಬರೀ ಬೆವರಲ್ಲ. ಡಿಯೋಡರೆಂಟಿನ ಅಲ್ಯುಮಿನಿಯಂ ಉಪ್ಪು ಬೆವರಿನ ಜೊತೆ ಸೇರಿ ಆಗುವುದು. ಅದಕ್ಕೆ ಬ್ಲೀಚ್ ಹಾಕಿದರೆ ಇನ್ನೂ ಹಳದಿಯಾಗುತ್ತದೆ. ಮೇಷ್ಟ್ರು ಹೇಳಿದ ನಿಂಬೆ ಉಪ್ಪಿನ ನೀರೇ ಒಳ್ಳೆಯದು. ಹಚ್ಚಿಕೊಂಡಿದ್ದು ಆರಿದ ಮೇಲೆ ಶರ್ಟ್ ಹಾಕಿಕೊಳ್ಳಿ, ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಮಷೀನಿಗೆ ಹಾಕುವಾಗ ಪ್ಯಾಂಟಿನ ಜಿಪ್ ಎಳೆದು, ಹುಕ್ ಹಾಕಿ. ಬಾಯಿ ತೆರೆದ ಜಿಪ್ಪು ಪಕ್ಕದ ಬಟ್ಟೆಯನ್ನು ಗೀರುತ್ತದೆ. ಶರ್ಟಿನ ಗುಂಡಿ ಮಾತ್ರ ಬಿಚ್ಚಿರಲಿ. ಹಾಕಿಟ್ಟರೆ ತಿರುಗುವಾಗ ಗುಂಡಿಮನೆ ಎಳೆದು ಹಿಗ್ಗುತ್ತದೆ. ಸೀರೆ, ಕುಚ್ಚಿರುವ ದುಪಟ್ಟಾ, ಒಳ ಉಡುಪು ಜಾಲರಿ ಚೀಲದಲ್ಲಿ ಹಾಕಿ.

ಟೆಕ್ಕಿ ತುಮಕೂರು:
ಜೀನ್ಸ್ ಎಷ್ಟು ದಿನಕ್ಕೆ ಒಗೆಯಬೇಕು? ಅಮ್ಮ ಊರಿಂದ ಬಂದಾಗಲೆಲ್ಲ ಇದೇ ಜಗಳ. ಒಂದು ಸಲ ಉಟ್ಟಿದ್ದು ಮೈಲಿಗೆ ಅಂತ ಅವರು. ಫ್ರೀಜರಲ್ಲಿ ಇಟ್ಟರೆ ಸಾಕು ಅಂತ ಆಫೀಸಿನ ಗೆಳೆಯರು.

ಸೂಜಿದಾರ:
ಜೀನ್ಸಿನ ನೀಲಿ ನೂಲಿನ ಮೇಲ್ಮೈಯಲ್ಲೇ ಕೂತಿರುತ್ತದೆ. ಪ್ರತಿ ಒಗೆತಕ್ಕೂ ಸ್ವಲ್ಪ ಹೋಗುತ್ತದೆ. ನಾಲ್ಕೈದು ಸಲ ಹಾಕಿಕೊಂಡ ಮೇಲೆ ಒಗೆಯಿರಿ ಸಾಕು. ಒಳಮಗ್ಗುಲು ಹೊರಕ್ಕೆ ಮಾಡಿ, ತಣ್ಣೀರಲ್ಲಿ. ಬನಿಯನ್, ಕಾಲುಚೀಲ, ಒಳ ಉಡುಪು ಮಾತ್ರ ದಿನಾ. ಅದರಲ್ಲಿ ಅಮ್ಮನ ಮಾತೇ ಸರಿ.

ಕೆಮಿಸ್ಟ್ರಿ ಮೇಷ್ಟ್ರು:
ಫ್ರೀಜರ್ ಬೇಡ. ಚಳಿಗೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಮಲಗುತ್ತವೆ. ಮೈ ಬಿಸಿ ತಾಗಿದ ಕೂಡಲೇ ಏಳುತ್ತವೆ.

ಚಿಕ್ಕಪೇಟೆ ರೇಷ್ಮೆ:
ಮಳೆಬಿಲ್ಲು ಅವರೇ, ನಿಮ್ಮ ಅಮ್ಮನ ಸೀರೆಗಳ ವಿಷಯಕ್ಕೆ ಬರುತ್ತೇನೆ. ನಮ್ಮದು ಚಿಕ್ಕಪೇಟೆಯಲ್ಲಿ ಸೀರೆ ವ್ಯಾಪಾರದ ಮನೆ. ಜರಿ ಕಪ್ಪಾಗಿದೆ ಅಂತ ದಿನಾ ಯಾರಾದರೂ ಬರುತ್ತಾರೆ.

ಒಳ್ಳೆ ಜರಿಯಲ್ಲಿ ಇರುವುದು ಬೆಳ್ಳಿ. ಮೈಸೂರಿನ ಸರ್ಕಾರಿ ರೇಷ್ಮೆ ಕಾರ್ಖಾನೆ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದದ್ದು. ಅಲ್ಲಿನ ಸೀರೆಯ ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ ಅಂತ ಅವರೇ ಹೇಳುತ್ತಾರೆ. ಬೆಳ್ಳಿ ಇದ್ದ ಮೇಲೆ ಗಾಳಿಯಲ್ಲಿರುವ ಗಂಧಕದ ಅಂಶ ತಾಗಿದರೆ ಕಪ್ಪಾಗಲೇಬೇಕು. ಪೂಜೆ ಸಾಮಾನು ಕಪ್ಪಾಗುವುದೂ ಇದರಿಂದಲೇ. ಹಾಗಾಗಿ ಸೀರೆ ಸುತ್ತ ರಬ್ಬರ್ ಬ್ಯಾಂಡ್ ಹಾಕಬೇಡಿ, ಅದರಲ್ಲೂ ಗಂಧಕ ಇರುತ್ತದೆ. ಸೆಂಟ್ ಹೊಡೆಯುವುದಿದ್ದರೆ ಸೀರೆ ಉಡುವ ಮೊದಲೇ ಮೈಗೆ ಹೊಡೆದುಕೊಳ್ಳಿ. ಸೆರಗಿನ ಮೇಲೆ ಬೇಡ.

ಮದುವೆಯಿಂದ ಬಂದ ಕೂಡಲೇ ಮಡಿಸಿ ಬೀರುವಿಗೆ ಇಡುವುದು ಸೀರೆಗೆ ಆಗಿಬರುವುದಿಲ್ಲ. ಫ್ಯಾನ್ ಕೆಳಗೆ, ನೆರಳಲ್ಲಿ ಒಂದೆರಡು ಗಂಟೆ ಹರಡಿ. ಬೆವರು ಆರಬೇಕು. ಆಮೇಲೆ ತೆಳು ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಯಜಮಾನರ ಹಳೆ ಪಂಚೆ ಇದ್ದರೆ ಅದಕ್ಕಿಂತ ಒಳ್ಳೆಯದು ಇಲ್ಲ. ಅಂಗಡಿಯ ಪ್ಲಾಸ್ಟಿಕ್ ಕವರು ಮನೆಗೆ ತಂದ ದಿನವೇ ತೆಗೆದುಹಾಕಿ. ಒಳಗೆ ತೇವ ನಿಂತರೆ ಬೂಷ್ಟು ಹಿಡಿಯುತ್ತದೆ.

ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಜರಿ ಅಂದರೆ ರೇಷ್ಮೆ ಎಳೆಯ ಮೇಲೆ ಸುತ್ತಿದ ಲೋಹದ ತಂತಿ. ಒಂದೇ ಕಡೆ ವರ್ಷಗಟ್ಟಲೆ ಮಡಿಸಿಟ್ಟರೆ ಆ ಗೆರೆಯಲ್ಲೇ ಮುರಿಯುತ್ತದೆ. ಹಳೆ ಸೀರೆ ಬಿಚ್ಚಿದಾಗ ಸರಿಯಾಗಿ ಗೆರೆ ಎಳೆದ ಹಾಗೆ ಸೀಳಿರುವುದನ್ನು ನೀವೂ ನೋಡಿರುತ್ತೀರಿ. ಭಾರದ ಸೀರೆಯನ್ನು ಹ್ಯಾಂಗರಿಗೆ ಹಾಕಬೇಡಿ, ನಡುವೆ ಜಗ್ಗುತ್ತದೆ.

ಪಾಲಿಷ್‌ಗೆ ಕೊಡಬೇಕಾದರೆ ಮೊದಲು ಸೀರೆಯ ಜೀವ ನೋಡಿ. ಒಳಗಿನ ಅಂಚಿನ ಹತ್ತಿರ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ನೂಲು ಬಿಡುತ್ತಾ ಬಂತು ಅಂದರೆ ಬೇಡ. ಪಾಲಿಷ್‌ನಲ್ಲಿ ಎಳೆದು ರೋಲ್ ಮಾಡುತ್ತಾರೆ, ಅಂಥ ಸೀರೆ ತಡೆಯುವುದಿಲ್ಲ. ಕಪ್ಪಾದ ಜರಿಯನ್ನು ಮನೆಯಲ್ಲಿ ಹುಣಸೆಹಣ್ಣು, ಟೂತ್‌ಪೇಸ್ಟ್ ಹಾಕಿ ಉಜ್ಜುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಮೇಲಿರುವ ಚಿನ್ನದ ಲೇಪ ತೀರಾ ತೆಳು. ಕಪ್ಪಿನ ಜೊತೆ ಅದೂ ಹೋಗುತ್ತದೆ.

ಮಳೆಬಿಲ್ಲು:
ತುಂಬಾ ಉಪಯೋಗವಾಯಿತು. ರೇಷ್ಮೆ ಮನೆಯಲ್ಲೇ ಒಗೆಯಬಹುದಾ ಅಥವಾ ಡ್ರೈ ಕ್ಲೀನಿಂಗ್ ಕಡ್ಡಾಯವಾ? ಮತ್ತೆ ನುಸಿ ಗುಳಿಗೆ ಇಡಬಹುದಾ?

ಚಿಕ್ಕಪೇಟೆ ರೇಷ್ಮೆ:
ಜರಿ ಜಾಸ್ತಿ ಇರುವುದು, ಗಾಢ ಬಣ್ಣದ ಅಂಚಿರುವುದು ಡ್ರೈ ಕ್ಲೀನಿಂಗಿಗೇ ಹೋಗಲಿ. ಅಲ್ಲಿ ನೀರು ಬಳಸುವುದಿಲ್ಲ, ದ್ರಾವಕದಲ್ಲಿ ಜಿಡ್ಡು ತೆಗೆಯುತ್ತಾರೆ. ಬಣ್ಣ ಇಳಿಯುವ ಭಯ ಕಡಿಮೆ. ಆದರೆ ಪ್ರತಿ ಸಲ ಉಟ್ಟ ಮೇಲೂ ಕೊಡಬೇಡಿ, ಕಲೆಯಾದಾಗ ಅಥವಾ ಹಲವು ಸಲ ಉಟ್ಟ ಮೇಲೆ ಕೊಡಿ. ಕೊಡುವಾಗ ಕಲೆ ಎಲ್ಲಿದೆ, ಏನು ಬಿದ್ದದ್ದು ಅಂತ ತೋರಿಸಿ ಹೇಳಿ.

ದಿನಬಳಕೆಯ ಸಾದಾ ರೇಷ್ಮೆಗೆ ಅಂಟುವಾಳ ಸಾಕು. ಬೀಜ ತೆಗೆದು ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ ಸೋಸಿದ ನೀರು. ನಮ್ಮಜ್ಜಿ ಒಡವೆಗೂ ಅದನ್ನೇ ಬಳಸುತ್ತಿದ್ದರು. ತಣ್ಣೀರು, ಐದು ನಿಮಿಷಕ್ಕಿಂತ ಜಾಸ್ತಿ ನೆನೆಸಬಾರದು. ಹಿಂಡಬೇಡಿ. ಟವೆಲ್‌ನಲ್ಲಿ ಸುರುಳಿ ಸುತ್ತಿ ಒತ್ತಿ ನೀರು ತೆಗೆಯಿರಿ.

ಕೆಮಿಸ್ಟ್ರಿ ಮೇಷ್ಟ್ರು:
ಎಂಜೈಮ್ ಇರುವ ಡಿಟರ್ಜೆಂಟ್ ರೇಷ್ಮೆ, ಉಣ್ಣೆಗೆ ಬೇಡ ಅಂತ ಸೇರಿಸುತ್ತೇನೆ. ರಕ್ತ, ಹಾಲು, ಮೊಟ್ಟೆ ಕಲೆ ತೆಗೆಯಲು ಅದರಲ್ಲಿ ಪ್ರೋಟೀನ್ ಕರಗಿಸುವ ಎಂಜೈಮ್ ಹಾಕಿರುತ್ತಾರೆ. ರೇಷ್ಮೆಯೂ ಪ್ರೋಟೀನೇ. ಎಂಜೈಮಿಗೆ ಕಲೆ ಯಾವುದು ಸೀರೆ ಯಾವುದು ಅಂತ ಗೊತ್ತಾಗುವುದಿಲ್ಲ.

ಇಬ್ಬರ ಅಮ್ಮ:
ನುಸಿ ಗುಳಿಗೆ ಬಗ್ಗೆ ನಾನು ಹೇಳಲೇಬೇಕು. ಮನೆಯಲ್ಲಿ ಹಸುಗೂಸು ಇದ್ದರೆ, ಅದರ ಬಟ್ಟೆ, ಹಾಸಿಗೆ, ಕಂಬಳಿ ಇರುವ ಬೀರುವಿಗೆ ನ್ಯಾಫ್ತಲೀನ್ ಇಡಲೇಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಿಗೆ ಅದರ ಆವಿಯಿಂದ ರಕ್ತಕಣಗಳು ಒಡೆದು ಕಾಮಾಲೆ ಆಗುತ್ತದೆ. ಕೊರತೆ ಇದೆ ಅಂತ ಎಷ್ಟೋ ಮನೆಯಲ್ಲಿ ಮೊದಲೇ ಗೊತ್ತಿರುವುದಿಲ್ಲ. ನಮ್ಮ ಮಕ್ಕಳ ಡಾಕ್ಟರ್ ಹೇಳಿದ ಮೇಲೆ ನಾವು ಮನೆಗೇ ತರುವುದಿಲ್ಲ.

ಬಾಗಲಕೋಟಿ ಮಂದಿ:
ನಮ್ಮ ಕಡೆ ಟ್ರಂಕಿನಾಗ ಬಜೆ ಬೇರು ಇಡುತ್ತಾರೆ. ತೆಳು ಬಟ್ಟೆಯಲ್ಲಿ ಕಟ್ಟಿ ಮೂಲೆಗೊಂದು. ಒಣಗಿದ ಬೇವಿನ ಎಲೆಯೂ ಆಗುತ್ತದೆ, ಆದರೆ ಪೂರ್ತಿ ಒಣಗಿರಬೇಕು ನೋಡ್ರಿ. ಹಸಿ ಇದ್ದರೆ ತೇವ ಬಿಟ್ಟು ಕಲೆ ಮಾಡುತ್ತದೆ. ವಾಸನೆ ಹೋದ ಮೇಲೆ ಬದಲಿಸಿರಿ.

ಇಳಕಲ್ ಸೀರೆ ಉಡುವವರಿಗೆ ಒಂದು ಮಾತು. ಅದರ ಮೈ ಬೇರೆ, ಸೆರಗು ಬೇರೆ ನೂಲು. ಎರಡನ್ನೂ ಮಗ್ಗದ ಮೇಲೇ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಕೂಡಿಸಿದ ಆ ಜಾಗ ಹಿಡಿದು ಹಿಂಡಬೇಡಿರಿ. ಕೆಂಪು ಸೆರಗಿನ ಬಣ್ಣ ಮೈಗೆ ಹತ್ತುತ್ತದೆ, ಅದಕ್ಕೇ ಮೊದಲ ಸಲ ಒಗೆಯುವಾಗ ಉಪ್ಪಿನ ನೀರಲ್ಲಿ ನೆನೆಸುತ್ತೇವೆ.

ಕೆಮಿಸ್ಟ್ರಿ ಮೇಷ್ಟ್ರು:
ಉಪ್ಪಿನ ವಿಷಯದಲ್ಲಿ ನನ್ನದೊಂದು ತಕರಾರಿದೆ. ಬಣ್ಣ ಹಾಕುವಾಗ ಉಪ್ಪು ಬೇಕು, ನಿಜ. ಬಣ್ಣವನ್ನು ನೀರಿನಿಂದ ಹತ್ತಿಯ ಕಡೆ ತಳ್ಳುವುದೇ ಅದು. ಆದರೆ ಹಾಕಿ ಮುಗಿದ ಬಣ್ಣವನ್ನು ಮನೆಯ ಬಕೆಟ್ಟಿನ ಉಪ್ಪು ಗಟ್ಟಿ ಮಾಡುವುದಿಲ್ಲ.

ಬಾಗಲಕೋಟಿ ಮಂದಿ:
ಮೇಷ್ಟ್ರೇ, ನಮ್ಮವ್ವ ಹಂಗೇ ಮಾಡುತ್ತಿದ್ದರು, ಅವರ ಸೀರೆ ಇನ್ನೂ ಚೆಂದ ಐತಿ. ಉಪ್ಪು ಹಾಕಿದ ನೀರಲ್ಲಿ ಬಣ್ಣ ಕಡಿಮೆ ಇಳಿಯುವುದನ್ನು ನಾನೇ ನೋಡಿದ್ದೇನೆ.

ಕೆಮಿಸ್ಟ್ರಿ ಮೇಷ್ಟ್ರು:
ಆ ನೀರಲ್ಲಿ ಕಡಿಮೆ ಇಳಿಯಬಹುದು, ಒಪ್ಪುತ್ತೇನೆ. ಉಪ್ಪು ಇರುವಷ್ಟು ಹೊತ್ತು ಬಣ್ಣ ಬಟ್ಟೆ ಬಿಡಲು ಹಿಂದೆಮುಂದೆ ನೋಡುತ್ತದೆ. ಮುಂದಿನ ಸಲ ಬರೀ ನೀರಿಗೆ ಹಾಕಿದಾಗ ಇಳಿಯುವುದು ಇಳಿದೇ ಇಳಿಯುತ್ತದೆ. ಅಮ್ಮನವರ ಸೀರೆ ಉಳಿದದ್ದು ಬೇರೆಯಾಗಿ, ತಣ್ಣೀರಲ್ಲಿ, ಬೇಗ ಒಗೆದು ನೆರಳಲ್ಲಿ ಒಣಗಿಸಿದ್ದಕ್ಕೆ ಅಂತ ನನ್ನ ನಂಬಿಕೆ. ಹೊಸ ಬಟ್ಟೆ ಬಣ್ಣ ಬಿಡುತ್ತದಾ ಅಂತ ತಿಳಿಯಬೇಕಾದರೆ ಒದ್ದೆ ಬಿಳಿ ಕರವಸ್ತ್ರವನ್ನು ಒಳಹೊಲಿಗೆಯ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಕರವಸ್ತ್ರಕ್ಕೆ ಬಣ್ಣ ಬಂದರೆ ಅದನ್ನು ಒಂಟಿಯಾಗಿಯೇ ಒಗೆಯಬೇಕು.

ಬಾಗಲಕೋಟಿ ಮಂದಿ:
ಬೇರೆ ಒಗೆಯುವುದು, ನೆರಳು, ಎರಡೂ ಖರೆ. ಉಪ್ಪು ನಾನು ಬಿಡುವುದಿಲ್ಲ, ಹಾನಿ ಏನಿಲ್ಲಲ್ಲ.

ಇಸ್ತ್ರಿಪೆಟ್ಟಿಗೆ:
ನಮ್ಮಪ್ಪ ಮಲ್ಲೇಶ್ವರದಲ್ಲಿ ತಳ್ಳುಗಾಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದರು, ಈಗ ನಾನು ಅಂಗಡಿ ಇಟ್ಟಿದ್ದೇನೆ. ಇದ್ದಿಲು ಬಿಟ್ಟು ಗ್ಯಾಸ್ ಪೆಟ್ಟಿಗೆಗೆ ಬಂದಿದ್ದೇವೆ. ಕಿಡಿ ಹಾರಿ ತೂತಾಗುವ ಭಯ ಹೋಯಿತು.

ಜನ ಬಟ್ಟೆಯ ಒಳಗಿನ ಚೀಟಿ ಚುಚ್ಚುತ್ತದೆ ಅಂತ ಕತ್ತರಿಸಿ ಬಿಸಾಡುತ್ತಾರೆ. ಕತ್ತರಿಸುವ ಮೊದಲು ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಅದರಲ್ಲಿ ಇಸ್ತ್ರಿ ಪೆಟ್ಟಿಗೆಯ ಚಿತ್ರದೊಳಗೆ ಚುಕ್ಕೆ ಇರುತ್ತದೆ. ಒಂದು ಚುಕ್ಕೆ ಅಂದರೆ 110 ಡಿಗ್ರಿಯ ಒಳಗೆ, ಎರಡು ಅಂದರೆ 150, ಮೂರು ಅಂದರೆ 200. ನೀರಿನ ತೊಟ್ಟಿಯಲ್ಲಿ ಕೈ ಇದ್ದರೆ ಕೈಯಲ್ಲೇ ಒಗೆಯಬೇಕು. ತ್ರಿಕೋನಕ್ಕೆ ಅಡ್ಡಗೆರೆ ಎಳೆದಿದ್ದರೆ ಬ್ಲೀಚ್ ಬೇಡ.

ಹತ್ತಿಯನ್ನು ಸ್ವಲ್ಪ ತೇವ ಇರುವಾಗಲೇ ಇಸ್ತ್ರಿ ಮಾಡಬೇಕು. ಚಟಚಟ ಒಣಗಿದ ಮೇಲೆ ಮಾಡಿದರೆ ಸುಕ್ಕು ಬಿಡಿಸಲು ಬಿಸಿ ಜಾಸ್ತಿ ಬೇಕು, ನೂಲು ಸೀಯುತ್ತದೆ. ಕಪ್ಪು ಪ್ಯಾಂಟು, ಪ್ರಿಂಟ್ ಇರುವ ಟೀ ಶರ್ಟು ಒಳಮಗ್ಗುಲಿಂದ. ಬೆವರು ಕಲೆಯ ಮೇಲೆ ಇಸ್ತ್ರಿ ಎಳೆದರೆ ಕಲೆ ಅಲ್ಲೇ ಸುಟ್ಟು ಕೂರುತ್ತದೆ. ಉಟ್ಟ ಬಟ್ಟೆಯನ್ನು ಒಗೆಯದೆ ಇಸ್ತ್ರಿಗೆ ಕೊಡಬೇಡಿ. ನಾವು ಹೇಳಿದರೆ ಕೆಲವರಿಗೆ ಬೇಜಾರು, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಘಟ್ಟದ ಮೇಲಿನವಳು:
ಗಂಜಿ ಹಾಕಿದ ಹತ್ತಿ ಸೀರೆಗೆ ಕೊಳೆ ಬೇಗ ಅಂಟುವುದಿಲ್ಲ, ಗಂಜಿಯ ಜೊತೆಗೇ ತೊಳೆದು ಹೋಗುತ್ತದೆ. ಆದರೆ ತಿಂಗಳುಗಟ್ಟಲೆ ಒಳಗಿಡುವ ಸೀರೆಗೆ ಗಂಜಿ ಇರಬಾರದು. ಬೆಳ್ಳಗೆ ಹೊಳೆಯುವ, ಉದ್ದ ಮೀಸೆಯ ಹುಳ ಬೀರುವಿನಲ್ಲಿ ಓಡಾಡುತ್ತದಲ್ಲ, ಅದಕ್ಕೆ ಗಂಜಿ ಅಂದರೆ ಪ್ರಾಣ. ಗಂಜಿ ತಿನ್ನುತ್ತಾ ನೂಲನ್ನೂ ಕೆರೆಯುತ್ತದೆ.

ಇಬ್ಬರ ಅಮ್ಮ:
ಬಟ್ಟೆ ಒಣಗಿಸುವ ವಿಷಯ ಯಾರೂ ಸರಿಯಾಗಿ ಹೇಳಲಿಲ್ಲ. ನಮ್ಮದು ಪಶ್ಚಿಮಕ್ಕೆ ಬಾಲ್ಕನಿ. ಮಾರ್ಚಿನಲ್ಲಿ ಬಟ್ಟೆ ಒಂದು ಗಂಟೆಯಲ್ಲಿ ಒಣಗುತ್ತದೆ, ಆದರೆ ಹಗ್ಗಕ್ಕೆ ತಾಗಿದ ಜಾಗದಲ್ಲಿ ಬಣ್ಣ ಪಟ್ಟೆ ಬಿದ್ದ ಹಾಗೆ ಹೋಗುತ್ತಿದೆ. ಸೆಪ್ಟೆಂಬರ್, ಅಕ್ಟೋಬರ್ ಬಂದರೆ ಉಲ್ಟಾ, ಎರಡು ದಿನವಾದರೂ ಮುಗ್ಗಲು ವಾಸನೆ.

ಸೂಜಿದಾರ:
ನಮ್ಮ ಊರು ಸಮುದ್ರಕ್ಕಿಂತ 900 ಮೀಟರಿಗೂ ಮೇಲಿದೆ. ಹವೆ ತಂಪಾಗಿದೆ ಅಂತ ಬಿಸಿಲನ್ನು ಕಡಿಮೆ ಅಂದುಕೊಳ್ಳಬಾರದು. ಬಣ್ಣದ ಬಟ್ಟೆ ಒಳಮಗ್ಗುಲು ಮೇಲೆ ಮಾಡಿ ಹಾಕಿ, ಒಣಗಿದ ಕೂಡಲೇ ತೆಗೆಯಿರಿ. ಎಲಾಸ್ಟಿಕ್, ಲೈಕ್ರಾ ಇರುವ ಲೆಗ್ಗಿಂಗ್ಸ್, ಒಳ ಉಡುಪು ನೆರಳಲ್ಲೇ. ಸ್ವೆಟರನ್ನು ಹಗ್ಗಕ್ಕೆ ನೇತುಹಾಕಬೇಡಿ, ನೀರಿನ ಭಾರಕ್ಕೆ ಉದ್ದವಾಗುತ್ತದೆ. ಚಾಪೆ ಮೇಲೆ ಟವೆಲ್ ಹಾಸಿ ಅದರ ಮೇಲೆ ಹರಡಿ.

ಮಳೆಗಾಲಕ್ಕೆ ಹೇಳುವುದಾದರೆ, ಮಷೀನು ನಿಂತ ಕೂಡಲೇ ಬಟ್ಟೆ ತೆಗೆಯಿರಿ. ಇನ್ನೊಂದು ಸಲ ಬರೀ ಸ್ಪಿನ್ ಹಾಕಿ. ಬಟ್ಟೆ ನಡುವೆ ಕೈ ಆಡುವಷ್ಟು ಜಾಗ ಬಿಟ್ಟು ಹರಡಿ, ಫ್ಯಾನ್ ಹಾಕಿ. ಒತ್ತೊತ್ತಾಗಿ ಹಾಕಿದರೆ ರಾತ್ರಿಯೆಲ್ಲ ಫ್ಯಾನ್ ಹಾಕಿದರೂ ಅಷ್ಟೆ. ಮಷೀನಿನ ಬಾಗಿಲು ತೆರೆದೇ ಇಡಿ, ಆ ರಬ್ಬರಿನ ಸಂದಿ ವಾರಕ್ಕೊಮ್ಮೆ ಒರೆಸಿ. ವಾಸನೆ ಅಲ್ಲಿಂದಲೂ ಬರುತ್ತದೆ.

ಟೆಕ್ಕಿ ತುಮಕೂರು:
ಸೂಜಿದಾರ ಸರ್, ಕಾಲರ್ ಹರಿದ ಶರ್ಟ್ ರಿಪೇರಿ ಆಗುತ್ತದಾ? ಬಟ್ಟೆ ಗಟ್ಟಿಯಾಗಿದೆ, ಬಿಸಾಡಲು ಮನಸ್ಸಿಲ್ಲ. ನಮ್ಮ ಏರಿಯಾದಲ್ಲಿ ಕೇಳಿದರೆ ಹೊಸದು ತಗೊಳ್ಳಿ ಅನ್ನುತ್ತಾರೆ.

ಸೂಜಿದಾರ:
ಆಗುತ್ತದೆ. ಕಾಲರ್ ಬಿಚ್ಚಿ ತಿರುವಿ ಹೊಲಿಯುತ್ತೇವೆ. ಹರಿದ ಮಗ್ಗುಲು ಒಳಗೆ ಹೋಗುತ್ತದೆ, ಹೊಸ ಮಗ್ಗುಲು ಹೊರಗೆ ಬರುತ್ತದೆ. ಮೊದಲೆಲ್ಲ ಎಲ್ಲ ಟೈಲರ್‌ಗಳೂ ಮಾಡುತ್ತಿದ್ದರು. ಈಗ ಕೇಳುವವರು ಕಡಿಮೆಯಾಗಿ ಮಾಡುವವರೂ ಕಡಿಮೆಯಾದರು. ನಿಮ್ಮ ಹತ್ತಿರದ ಹಳೆ ಬಡಾವಣೆಯಲ್ಲಿ ವಯಸ್ಸಾದ ಟೈಲರ್ ಯಾರಿದ್ದಾರೆ ವಿಚಾರಿಸಿ, ಖಂಡಿತ ಸಿಗುತ್ತಾರೆ. ತುದಿ ಬಟನ್ ಇರುವ ಕಾಲರ್ ಆದರೆ ಗುಂಡಿಮನೆ ಇರುವುದರಿಂದ ಮೊದಲೇ ತೋರಿಸಿ. ಒಳಮಗ್ಗುಲಿನ ಬಣ್ಣ ಹೊರಗಿನದಕ್ಕಿಂತ ಗಾಢವಾಗಿರುತ್ತದೆ, ಅದು ಒಪ್ಪಿಗೆಯಾ ಅಂತ ನೋಡಿಕೊಳ್ಳಿ. ಶರ್ಟನ್ನು ಒಗೆದು, ಇಸ್ತ್ರಿ ಮಾಡದೆ ತಗೊಂಡು ಹೋಗಿ. ಇಸ್ತ್ರಿ ಮಾಡಿದರೆ ಹಳೆ ಹೊಲಿಗೆ ಒತ್ತಿಕೊಂಡು ಬಿಚ್ಚುವುದು ಕಷ್ಟ.